ಗಾಳಿ ಸಾಲದು

ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮಾವ ಮತ್ತೆ ನನ್ನ ಸೈಕಲ್ಲಿನ ಹಿಂದಿನ ಟಯರನ್ನು ಹೆಬ್ಬೆರಳಲ್ಲಿ ಒತ್ತಿದರು. ಒತ್ತಿ, ನಾಟಿ ವೈದ್ಯರು ನಾಡಿ ಹಿಡಿದ ಹಾಗೆ ತಲೆ ವಾಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿ ಸಾಲದು" ಅಂದರು. ಎಂಟು ತಿಂಗಳಿಂದ ದಿನಾ ಇದೇ ತೀರ್ಪು. ನಾನು ಗಾಳಿ ಜಾಸ್ತಿ ಮಾಡಿದ ದಿನವೂ ಸಾಲದು, ಕಡಿಮೆ ಮಾಡಿದ ದಿನವೂ ಸಾಲದು.

ಅವರೊಬ್ಬರೇ ಆಗಿದ್ದರೆ ಸಹಿಸಬಹುದಿತ್ತು. ನಿಲ್ಲಿಸಿದ ಸೈಕಲ್ಲಿನ ಟಯರ್ ಒತ್ತದೆ ದಾಟಿಹೋಗುವ ಗಂಡಸು ಮಡಿಕೇರಿ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಅಂಚೆಯವರು ಕಾಗದ ಕೊಡುವ ಮೊದಲು ಒತ್ತುತ್ತಾರೆ. ಕಾಫಿ ಮೂಟೆ ಒಯ್ಯಲು ಬಂದ ಲಾರಿಯವನು ಬೀಡಿ ಕೈ ಬದಲಿಸಿ ಒತ್ತುತ್ತಾನೆ. ಸಂತೆಯ ದಿನ ಪೇಟೆಯಲ್ಲಿ ಐದು ನಿಮಿಷ ನಿಲ್ಲಿಸಿ ತರಕಾರಿ ತರುವಷ್ಟರಲ್ಲಿ ಪರಿಚಯವೇ ಇಲ್ಲದ ಇಬ್ಬರು ಬಗ್ಗಿ ನಿಂತು ನನ್ನ ಟಯರಿನ ಭವಿಷ್ಯ ಮಾತಾಡುತ್ತಿದ್ದರು. ಮುಂದಿನ ಟಯರನ್ನು ಯಾರೂ ಒತ್ತುವುದಿಲ್ಲ ನೋಡಿ. ಯಾಕೋ ಗೊತ್ತಿಲ್ಲ.

ತಪ್ಪು ಅವರದ್ದಲ್ಲ, ಹೆಬ್ಬೆರಳಿನದ್ದು. ನಮ್ಮೆಲ್ಲರ ಹೆಬ್ಬೆರಳು ಪಾಠ ಕಲಿತದ್ದು ಹಾಲಿನ ಕ್ಯಾನ್ ಹೊರುವ ಕಪ್ಪು ಸೈಕಲ್ಲಿನ ಮೇಲೆ. ಸಣ್ಣ ಟಯರು, ಒತ್ತಿದರೆ ಕಲ್ಲು. ನನ್ನದು 2.4 ಇಂಚು ಅಗಲದ ಟಯರು, ಗಾಳಿಯ ಒತ್ತಡ ಮುಂದೆ 20 ಪಿಎಸ್‌ಐ, ಹಿಂದೆ ಮೊನ್ನೆ ಜನವರಿವರೆಗೆ 24. "ಕಾರಿಗೇ ಮೂವತ್ತು ಚಿಲ್ಲರೆ ಹೊಡೆಸ್ತೇವೆ, ನಿನ್ನ ಸೈಕಲ್ಲಿಗೆ ಅಷ್ಟೂ ಬೇಡ್ವಾ?" ಅಂತ ಮಾವ ಕೇಳಿದರೆ ನಾನು ಏನು ಹೇಳಲಿ? ಕಾರಿಗೆ ಸ್ಪ್ರಿಂಗ್ ಇದೆ ಮಾವ, ಸೀಟಿಗೆ ದಿಂಬಿದೆ. ಈ ಸೈಕಲ್ಲಿಗೆ ಹಿಂದೆ ಇರುವುದು ಟಯರಿನೊಳಗಿನ ಗಾಳಿ ಮತ್ತು ನನ್ನ ಸೊಂಟ, ಎರಡೇ.

ಹೌದು, ಅದನ್ನು ಹೇಳಲಿಲ್ಲ. ನನ್ನದು ಹಾರ್ಡ್‌ಟೇಲ್ ಮೌಂಟನ್ ಬೈಕ್. ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಶಾಕ್, ಹಿಂದೆ ಬರೀ ಕಂಬಿ. ಕಳೆದ ಜೂನಿನಲ್ಲಿ ಅದು ಮನೆಗೆ ಬಂದ ದಿನ ಮಾವ ಒಂದು ಸುತ್ತು ಹಾಕಿ, "ಹಿಂದಿನ ಶಾಕ್ ಎಲ್ಲಿ? ದುಡ್ಡು ಸಾಲಲಿಲ್ವಾ?" ಅಂದರು. ಸಾಲಲಿಲ್ಲ ಅನ್ನುವುದೇ ನಿಜ. ಆದರೆ ನಾನು ತೂಕ ಕಡಿಮೆ, ರಿಪೇರಿ ಕಡಿಮೆ, ಹತ್ತುವಾಗ ಸಲೀಸು ಅಂತೆಲ್ಲ ಹೇಳಿದೆ. ಅವೂ ಸುಳ್ಳಲ್ಲ. ಇಳಿಯುವಾಗ ಏನಾಗುತ್ತದೆ ಅಂತ ಮಾವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಳಿಯುವಾಗ ಆಗುವುದು ಇಷ್ಟೇ. ಮುಂದಿನ ಚಕ್ರ ಕಲ್ಲನ್ನು ನೋಡಿ ಮೆತ್ತಗೆ ದಾಟಿಬಿಡುತ್ತದೆ. ಹಿಂದಿನದ್ದು ನನ್ನ ಪೂರ್ತಿ ಭಾರ ಹೊತ್ತು ಅದೇ ಕಲ್ಲಿಗೆ ಹೋಗಿ ಗುದ್ದುತ್ತದೆ. ಟಯರು ಚಪ್ಪಟೆಯಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಅಕ್ಕಪಕ್ಕ ಎರಡು ತೂತು, ನಾಗರಹಾವು ಕಚ್ಚಿದ ಹಾಗೆ. ಮೊದಲ ತಿಂಗಳಲ್ಲೇ ಮೂರು ಸಲ ಕಚ್ಚಿತು. ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿದೆ. ಆಮೇಲೆ ಕಚ್ಚಲು ಟ್ಯೂಬ್ ಇಲ್ಲದ ಕಾರಣ ಕಲ್ಲು ನೇರವಾಗಿ ರಿಮ್ಮನ್ನೇ ಬಗ್ಗಿಸಿತು.

ಆಗ ಶುರುವಾಯಿತು ಹಿಂದಿನ ಟಯರಿನ ಹುಡುಕಾಟ. ಮುಂದಿನ ಟಯರ್ ಆರಿಸಲು ಹತ್ತು ನಿಮಿಷ ಸಾಕಾಯಿತು: ಹಿಡಿತ ಚೆನ್ನಾಗಿದ್ದರೆ ಆಯ್ತು. ಹಿಂದಿನದ್ದಕ್ಕೆ ಎರಡು ತಿಂಗಳು. ಹಿಂದಿನ ಟಯರ್ ಅಂದರೆ ಬಡವರ ಮನೆಯ ಹಿರಿಮಗ ಇದ್ದ ಹಾಗೆ. ಸಲೀಸಾಗಿ ಉರುಳಬೇಕು, ಹತ್ತುವಾಗ ಜಾರಬಾರದು, ಬ್ರೇಕ್ ಹಿಡಿದಾಗ ನಿಲ್ಲಬೇಕು, ಎಲ್ಲರ ಪೆಟ್ಟೂ ತಿನ್ನಬೇಕು, ಹರಿಯಬಾರದು, ತೂಕವೂ ಇರಬಾರದು. ಅಂಥ ಟಯರ್ ಇಲ್ಲ. ಇರುವುದರಲ್ಲಿ ಆರಿಸೋಣ ಅಂದರೆ ಅದು ಸೀರೆ ಅಂಗಡಿಗಿಂತ ಕಷ್ಟ. ಮ್ಯಾಕ್ಸಿಸ್‌ನವರದ್ದೇ ಒಂದು ಟಯರ್ ತೆಗೆದುಕೊಳ್ಳಿ, ಮೇಲಿನ ಗುಬಟು ಒಂದೇ ವಿನ್ಯಾಸ, ಒಳಗಿನ ಬಟ್ಟೆ ಮಾತ್ರ ಎಕ್ಸೋ, ಎಕ್ಸೋ ಪ್ಲಸ್, ಡಬಲ್ ಡೌನ್ ಅಂತ ಬೇರೆ ಬೇರೆ. ತೆಳುವಿನದ್ದು ಒಂದು ಕಿಲೋ ಆಚೀಚೆ, ದಪ್ಪದ್ದು ಇನ್ನೂ ಕಾಲು ಕಿಲೋ ಮೇಲೆ. ಜೊತೆಗೆ ಇಂಚಿಗೆ 60 ಎಳೆಯೋ 120 ಎಳೆಯೋ ಅನ್ನುವ ಲೆಕ್ಕ. ಎಳೆ ಜಾಸ್ತಿ ಇದ್ದರೆ ಗಟ್ಟಿ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ. ಎಳೆ ಜಾಸ್ತಿಯಾದಷ್ಟೂ ನವಿರು, ಹಗುರ, ಕಲ್ಲಿಗೆ ಬೇಗ ಬಲಿ. ರಾತ್ರಿ ಹನ್ನೊಂದಕ್ಕೆ ನಾನು ಫೋನ್ ಹಿಡಿದು ಎಳೆ ಎಣಿಸುವುದನ್ನು ನೋಡಿದ ನನ್ನ ಹೆಂಡತಿ, "ನನ್ನ ಸೀರೆಗೆ ಇಷ್ಟು ಹೊತ್ತು ಕೂತದ್ದುಂಟಾ ನೀವು?" ಅಂದಳು. ಉತ್ತರ ಕೊಡದೆ ಲೈಟ್ ಆರಿಸಿದೆ.

ಇದರ ಮೇಲೆ ನಮ್ಮ ಕೊಡಗಿನ ಮಣ್ಣು. ಅಗಲ ಇದ್ದಷ್ಟೂ ಮೆತ್ತಗೆ ಅಂತ ಮೊದಲು 2.6 ಇಂಚಿನದ್ದು ಹಾಕಿದ್ದೆ. ಕೂತಿತು, ಚೆನ್ನಾಗಿಯೇ ಕೂತಿತು, ಅಕ್ಕಪಕ್ಕದ ಕಂಬಿಗೂ ಟಯರಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಜುಲೈ ತಿಂಗಳ ತೋಟದ ರಸ್ತೆಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಆ ಸಂದಿಗೆ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆ, ಒಂದೆರಡು ಕಡ್ಡಿ ಎಲ್ಲ ಸೇರಿ ಇಟ್ಟಿಗೆಯಾಗಿ ಚಕ್ರ ತಿರುಗುವುದೇ ನಿಂತಿತು. ಹದಿನಾಲ್ಕು ಕಿಲೋ ಸೈಕಲ್ಲು, ಅದರ ಮೇಲೆ ಮಣ್ಣು, ಹೊತ್ತುಕೊಂಡು ಮನೆಗೆ ಬಂದೆ. ಕಾಲಿನಲ್ಲಿ ಜಿಗಣೆಗಳೂ ಬಂದವು, ಅವು ಮಾತ್ರ ಸವಾರಿ ಮಾಡಿಕೊಂಡು. ಅದೇ ರಸ್ತೆ ಈಗ ಫೆಬ್ರವರಿಯಲ್ಲಿ ನೋಡಿ: ಮೇಲೆ ಹಿಟ್ಟಿನಂಥ ಧೂಳು, ಒಳಗಿಂದ ಹಲ್ಲು ಕಿರಿದ ಕಲ್ಲು. ಕಾಫಿ ರೇಟು ಎಷ್ಟೇ ಏರಲಿ, ಮಳೆಗಾಲಕ್ಕೆ ಒಂದು ಟಯರು, ಬೇಸಿಗೆಗೆ ಒಂದು ಟಯರು ಅಂತ ಇಡುವ ಮಾತನ್ನು ನಮ್ಮ ಮನೆಯಲ್ಲಿ ಎತ್ತುವ ಧೈರ್ಯ ನನಗಿಲ್ಲ. ಕೊನೆಗೆ ದಪ್ಪ ಬಟ್ಟೆಯ 2.4 ಹಾಕಿಸಿ, ಗೇಜ್ ಹಿಡಿದು 24ಕ್ಕೆ ಗಾಳಿ ಇಟ್ಟು, ಇನ್ನು ನೆಮ್ಮದಿ ಅಂದುಕೊಂಡೆ.

ಮಾವ ಬಿಡಬೇಕಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಫಿ ಕುಯ್ಯುವವರು ಬಂದಿದ್ದಾರಾ ನೋಡಲು ಕೆಳಗಿನ ತೋಟಕ್ಕೆ ಸೈಕಲ್ ಇಳಿಸಿದೆ. ಮೊದಲ ಕಲ್ಲಿಗೇ ಹಿಂದಿನ ಚಕ್ರ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಗರಿತು. ಎರಡನೇ ಕಲ್ಲಿಗೆ ಇನ್ನೂ ಮೇಲೆ. ಮೂರನೆಯದ್ದಕ್ಕೆ ಸೈಕಲ್ ಒಂದು ಕಡೆ, ನಾನು ಒಂದು ಕಡೆ. ಕಾಫಿ ಗಿಡಗಳ ನಡುವೆ ಮಳೆನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೋಡಿರುತ್ತೇವಲ್ಲ, ಹೋದ ವರ್ಷ ನಾನೇ ಮುಂದೆ ನಿಂತು ತೋಡಿಸಿದ್ದು, ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಸರಿಯಾಗಿ ಮಲಗಿದ್ದೆ. ಕೆಳಗೆ ತರಗೆಲೆ, ಮೇಲೆ ಆಕಾಶ. ಕುಯ್ಯುವ ಹೆಂಗಸರು ಚೀಲ ಕೆಳಗಿಟ್ಟು ನಕ್ಕರು. ಪೂರ್ತಿ ನಕ್ಕು ಮುಗಿದ ಮೇಲೆ ಒಬ್ಬಾಕೆ, "ಪೆಟ್ಟಾಯ್ತಾ ಅಣ್ಣ?" ಅಂದಳು.

ಸದ್ದು ಕೇಳಿ ಮಾವ ಬಂದರು. ಬಂದವರು ನನ್ನನ್ನು ಎತ್ತಲಿಲ್ಲ. ಮೊದಲು ಟಯರ್ ಒತ್ತಿದರು.

"ಗಾಳಿ ಸರಿ ಇದೆ. ಮತ್ತೆ ಎಂತಕ್ಕೆ ಬಿದ್ದದ್ದು?"

ಎಂಟು ತಿಂಗಳಲ್ಲಿ ಅವರು ಗಾಳಿ ಸರಿ ಇದೆ ಅಂದದ್ದು ಅದೊಂದೇ ಸಲ. ನನಗೆ ಅನುಮಾನ ಬಂತು. ಜಗಲಿಯಲ್ಲಿದ್ದ ನನ್ನ ಪಂಪಿನಲ್ಲೇ ಹಿಂದಿನ ದಿನ ಸಂಜೆ ಹೊಡೆದಿದ್ದಾರೆ. "ನೀನು ದಿನಾ ಮರೀತೀಯಲ್ಲ, ಪಾಪ ಅಂತ ನಾನೇ ಹೊಡೆದಿಟ್ಟೆ." ಗೇಜ್ ಇಟ್ಟು ನೋಡಿದರೆ 45.

ಅವರ ಊರಿನ ಹೆಸರೇ ಗಾಳಿಬೀಡು. ಅಲ್ಲಿಯವರಿಗೆ ಗಾಳಿಯ ಬಗ್ಗೆ ಹೇಳಿಕೊಡಲು ನಾನ್ಯಾರು? ಆದರೆ ಅದೇ ಹೆಸರಿನಲ್ಲಿ ಒಂದು ದೀರ್ಘ ತೆಗೆದರೆ ಗಾಳಿ ಬಿಡು ಅಂತಲೂ ಆಗುತ್ತದೆ ಅಂತ ಹೇಳಿದೆ. ಅವರು ನಗಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಗಾಳಿ ಬಿಡುವ ವಿದ್ಯೆ ನಾನು ಕಲಿತದ್ದೇ ಈ ಮಾವನಿಂದ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೇ ಜೀಪಿತ್ತು. ಮಳೆಗಾಲದ ರಾತ್ರಿ ಮಡಿಕೇರಿಯಿಂದ ಬರುವಾಗ ಮನೆಯ ಕೆಳಗಿನ ಏರಿನಲ್ಲಿ ಚಕ್ರ ಸುಮ್ನೆ ಗಿರಗಿರ ತಿರುಗುತ್ತಿತ್ತೇ ಹೊರತು ಜೀಪು ಹತ್ತುತ್ತಿರಲಿಲ್ಲ. ಅಪ್ಪ ನಿಲ್ಲಿಸುತ್ತಿದ್ದರು. ಮಾವ ಕಂಬಳಿ ಕೊಪ್ಪೆ ಹಾಕಿಕೊಂಡು ಇಳಿದು, ಒಂದು ಮೊಳೆಯಲ್ಲಿ ಹಿಂದಿನ ಎರಡೂ ಟಯರಿನ ಗಾಳಿ ಬಿಡುತ್ತಿದ್ದರು. ಮಳೆಯ ಸದ್ದಿನ ಒಳಗೆ ಆ ಸುಸ್ ಅನ್ನುವ ಸದ್ದು, ಹಿಂದೆ ಒದ್ದೆ ಕಂಬಳಿಯ ವಾಸನೆ, ಅಪ್ಪನ ಸಿಗರೇಟಿನ ಕೆಂಡ. "ಸಾಕಾ ಭಾವ?" ಅಂತ ಮಾವ ಕೂಗುತ್ತಿದ್ದರು. "ಇನ್ನೊಂದು ಚೂರು ಬಿಡು" ಅಂತ ಅಪ್ಪ. ಟಯರು ಅಗಲವಾಗಿ ಮಣ್ಣನ್ನು ಹಿಡಿದುಕೊಂಡು ಜೀಪು ಮೆಲ್ಲ ಹತ್ತಿಬಿಡುತ್ತಿತ್ತು. ಬೆಳಿಗ್ಗೆ ಕಾಲು ಪಂಪಿನಲ್ಲಿ ಮತ್ತೆ ಗಾಳಿ ತುಂಬುವ ಕೆಲಸ ನನ್ನದು, ಸ್ಕೂಲಿಗೆ ಹೋಗುವ ಮೊದಲು.

ಗುಂಡಿಯಿಂದ ಎದ್ದ ದಿನ ಮಾವನಿಗೆ ಇದನ್ನೇ ನೆನಪಿಸಿದೆ. ಗಾಳಿ ಕಡಿಮೆ ಇದ್ದರೇ ಹಿಡಿತ ಅಂತ ನೀವೇ ತೋರಿಸಿದ್ದಲ್ವಾ ಮಾವ? ಅವರು ಸ್ವಲ್ಪ ಹೊತ್ತು ಆ ಏರಿನ ಕಡೆ ನೋಡಿದರು.

"ಅದು ಜೀಪು ಮಾರಾಯ. ಓಡಿಸ್ತಾ ಇದ್ದದ್ದು ನಿನ್ನ ಅಪ್ಪ."

ಇದಕ್ಕೆ ಗೇಜ್ ಇಟ್ಟು ಉತ್ತರ ಕೊಡಲು ಆಗುವುದಿಲ್ಲ.

ಜನವರಿಯಲ್ಲಿ ಇನ್ಸರ್ಟ್ ತರಿಸಿದೆ. ಇನ್ಸರ್ಟ್ ಅಂದರೆ ಟಯರಿನ ಒಳಗೆ ರಿಮ್ಮಿನ ಸುತ್ತ ಕೂರುವ ಫೋಮಿನ ಬಳೆ, ಸುಮಾರು ಕಾಲು ಕಿಲೋ ತೂಕ. ಗಾಳಿ ಕಡಿಮೆ ಇಟ್ಟರೂ ಕಲ್ಲಿನ ಪೆಟ್ಟು ರಿಮ್ಮಿಗೆ ತಾಗುವ ಮೊದಲು ಫೋಮಿಗೆ ತಾಗುತ್ತದೆ. ನನಗೆ ಬೇಕಾದದ್ದು ಹಿಂದಕ್ಕೆ ಒಂದೇ, ಅಂಗಡಿಯವರು ಜೋಡಿಯಾಗಿಯೇ ಕೊಡುವುದು ಅಂದರು. ಚಪ್ಪಲಿಯಾ ಅದು? ಜೋಡಿಯ ದುಡ್ಡು ಎಷ್ಟು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಹಾಕುವುದು ಸುಲಭ ಅಂತ ವಿಡಿಯೋದಲ್ಲಿ ಒಬ್ಬ ನಗುನಗುತ್ತಾ ಐದು ನಿಮಿಷದಲ್ಲಿ ತೋರಿಸಿದ್ದ. ನಾನು ಭಾನುವಾರ ಹತ್ತು ಗಂಟೆಗೆ ಜಗಲಿಯಲ್ಲಿ ಕೂತೆ. ಟಯರಿನ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಬಿದ್ದರೆ ಮಾತ್ರ ಕೊನೆಯ ಒಂದು ಗೇಣು ಒಳಗೆ ಹೋಗುತ್ತದೆ. ಆ ತಗ್ಗಿನಲ್ಲಿ ಈಗ ಫೋಮ್ ಕೂತಿದೆ, ಬಸ್ಸಿನಲ್ಲಿ ಟವಲ್ ಹಾಸಿ ಸೀಟು ಹಿಡಿದವರ ಹಾಗೆ. ಈ ಕಡೆ ಒತ್ತಿದರೆ ಆ ಕಡೆ ಹೊರಬರುತ್ತದೆ. ಸೋಪಿನ ನೀರು ಹಾಕಿದೆ, ನಾನೇ ಜಾರಿದೆ. ಎರಡು ಟಯರ್ ಲಿವರ್ ಮುರಿದವು. ಮೂರನೆಯದ್ದಕ್ಕೆ ಅಡುಗೆ ಮನೆಯ ಸೌಟಿನ ಕಡೆ ಕಣ್ಣು ಹಾಕಿದೆ, ಅಲ್ಲಿಂದ ಬಂದ ನೋಟಕ್ಕೆ ಕಣ್ಣು ತೆಗೆದೆ. ಮಧ್ಯಾಹ್ನ ಒಂದು ಗಂಟೆಗೆ ಸೀಲೆಂಟ್, ಅಂದರೆ ತೂತು ಮುಚ್ಚಲು ಟಯರಿನೊಳಗೆ ಹಾಕುವ ದ್ರವ, ಅದರ ಬಾಟಲಿ ಕಾಲಿಗೆ ತಾಗಿ ಉರುಳಿ ಜಗಲಿಯೆಲ್ಲ ಬೆಳ್ಳಗಾಯಿತು, ನಾಯಿಯ ಬಾಲವೂ.

ಮಾವ ಬಂದು ಮೂಸಿ ನೋಡಿದರು. "ಇದು ರಬ್ಬರ್ ಹಾಲಲ್ವಾ? ಇದಕ್ಕೆ ದುಡ್ಡು ಕೊಟ್ಯಾ? ಸಂಪಾಜೆಯ ನೆಂಟರ ಹತ್ರ ಹೇಳಿದ್ರೆ ಬಕೆಟ್ಟಲ್ಲಿ ಕೊಡ್ತಿದ್ರು." ಮಂಡೆಬಿಸಿ ಅಂದರೆ ಇದು. ಅವರು ಹೇಳಿದ್ದು ಅರ್ಧ ಸರಿಯೂ ಹೌದು.

ಆಮೇಲೆ ಪಂಚೆ ಎತ್ತಿ ಕಟ್ಟಿ ಕೂತರು. ಚಕ್ರವನ್ನು ಎರಡು ಮಂಡಿಯ ನಡುವೆ ಹಿಡಿದು, ಎದುರು ಬದಿಯ ಅಂಚನ್ನು ಮಂಡಿಯಲ್ಲೇ ಒತ್ತಿ ತಗ್ಗಿಗೆ ಇಳಿಸಿ, ಇಲ್ಲಿಂದ ಆ ಹೆಬ್ಬೆರಳು ಇಟ್ಟರು. ಅದೇ ಹೆಬ್ಬೆರಳು. ಒಂದು, ಎರಡು, ಮೂರು ಒತ್ತು. ಪುಳಕ್ ಅಂತ ಒಳಗೆ ಹೋಯಿತು. ನನಗೆ ಮೂರು ಗಂಟೆ, ಅವರಿಗೆ ಮೂರು ನಿಮಿಷ. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟಯರನ್ನು ಒತ್ತಿ ನೋಡಿ, "ಗಾಳಿ ಸಾಲದು" ಅಂದರು. ಇನ್ನೂ ಗಾಳಿಯೇ ಹಾಕಿರಲಿಲ್ಲ.

ಈಗ ಹಿಂದೆ 20 ಪಿಎಸ್‌ಐ. ಕಲ್ಲಿನ ಮೇಲೆ ಹೋದರೆ ಡಬ್ ಅಂತ ಒಂದು ಮೆತ್ತಗಿನ ಸದ್ದು, ಅಷ್ಟೇ. ಸೊಂಟ ಇನ್ನೂ ನೋಯುತ್ತದೆ, ಫೋಮ್ ಇದ್ದ ಮಾತ್ರಕ್ಕೆ ಶಾಕ್ ಬಂದ ಹಾಗಾಗುವುದಿಲ್ಲ. ಆದರೆ ರಿಮ್ ಬಗ್ಗಿಲ್ಲ, ಗುಂಡಿಗೂ ಬಿದ್ದಿಲ್ಲ.

ಜೋಡಿಯ ಇನ್ನೊಂದು ಇನ್ಸರ್ಟನ್ನು ಜಗಲಿಯ ಮೊಳೆಗೆ ನೇತುಹಾಕಿದ್ದೆ, ಯಾರಿಗಾದರೂ ಮಾರೋಣ ಅಂತ. ಮೊನ್ನೆಯಿಂದ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಟಯರಿಗೆ ತೀರ್ಪು ಕೊಟ್ಟು ಮಾವ ಕರಿಮೆಣಸು ಕುಯ್ಯಿಸಲು ಹೊರಟರಲ್ಲ, ಹಿಂದೆಯೇ ಹೋದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿದ್ದರು. ಏಣಿಯ ತುದಿಗೆ, ಬಳ್ಳಿಗೆ ಪೆಟ್ಟಾಗದ ಹಾಗೆ, ನನ್ನ ಇನ್ಸರ್ಟನ್ನು ಎರಡು ತುಂಡು ಮಾಡಿ ಗೋಣಿದಾರದಲ್ಲಿ ಬಿಗಿದು ಕಟ್ಟಿದ್ದರು. ನಾನು ನೋಡುತ್ತಿದ್ದ ಹಾಗೆ ಏಣಿ ಇಳಿಸಿ, ಆ ಫೋಮನ್ನು ಹೆಬ್ಬೆರಳಲ್ಲಿ ಒತ್ತಿ, ತಲೆ ವಾಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದು ಸರಿ ಇದೆ" ಅಂದರು.