ಎದೆ ನನ್ನದು, ತೀರ್ಮಾನ ಮಾತ್ರ ಊರವರದು

ಸ್ತನ ಕ್ಯಾನ್ಸರ್‌ನ ಗಡ್ಡೆ ಇರುವುದು ನನ್ನ ಎದೆಯಲ್ಲಿ. ಬಯಾಪ್ಸಿಯ ಸೂಜಿ ಚುಚ್ಚಿಸಿಕೊಂಡವಳೂ ನಾನೇ. ಆದರೂ ದಾವಣಗೆರೆಯ ಆ ವೈದ್ಯರು ಫೈಲನ್ನು ನನ್ನ ಮುಂದಿನಿಂದ ಎತ್ತಿ ಗಂಡನ ಕಡೆ ತಿರುಗಿಸಿ, "ಇವರ ತಾಯಿಗೂ ಇದೇ ಇತ್ತಲ್ಲ, ಪೂರ್ತಿ ತೆಗೆಸಿಬಿಡಿ" ಎಂದರು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನನ್ನ ಮುಖವನ್ನೂ ನೋಡಲಿಲ್ಲ.

ಸಂಜೆಯೊಳಗೆ ಸುದ್ದಿ ವಿದ್ಯಾನಗರದಿಂದ ಹರಿಹರದ ನೆಂಟರವರೆಗೆ ಹಬ್ಬಿತು. ಚಿಕ್ಕಮ್ಮ ಬಂದವರೇ, "ಮಕ್ಕಳು ದೊಡ್ಡವರಾದರು, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡುತ್ತೀಯ?" ಎಂದರು. ಮೈಯೆಲ್ಲ ಉರಿದುಹೋಯಿತು. ಹಾಲು ಕುಡಿಸಿ ಮುಗಿದ ಮೇಲೆ ಅದು ನನ್ನ ದೇಹವಲ್ಲವೇ? ಭಾವನವರದು ಇನ್ನೊಂದು ರಾಗ: ಸ್ವಲ್ಪ ಉಳಿಸಿದರೂ ಬೇರು ಉಳಿದಂತೆ, ಜೀವಕ್ಕಿಂತ ಅಂದ ಹೆಚ್ಚೇ?

ಅಂದದ ಮಾತನ್ನು ನಾನು ಆಡಿಯೇ ಇಲ್ಲ. ನನ್ನದು ಆರಂಭದ ಹಂತ, ಗಡ್ಡೆ ಚಿಕ್ಕದು. ಇಂಥ ಕಡೆ ಗಡ್ಡೆಯನ್ನಷ್ಟೇ ಸುತ್ತಲಿನ ಅಂಚಿನೊಂದಿಗೆ ತೆಗೆದು ರೇಡಿಯೇಷನ್ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವವರ ಪ್ರಮಾಣ ಒಂದೇ. ಅಮೆರಿಕ ಮತ್ತು ಇಟಲಿಯಲ್ಲಿ 20 ವರ್ಷ ಮಹಿಳೆಯರನ್ನು ಗಮನಿಸಿ 2002ರಲ್ಲೇ ಇದನ್ನು ಪ್ರಕಟಿಸಿದ್ದಾರೆ. ಉಳಿಸಿಕೊಂಡ ಸ್ತನದಲ್ಲಿ ಮತ್ತೆ ಬರುವ ಸಾಧ್ಯತೆ ತುಸು ಹೆಚ್ಚು, ಅದೂ ಗೊತ್ತು. ವಾರಕ್ಕೆ ಐದು ದಿನದಂತೆ ವಾರಗಟ್ಟಲೆ ರೇಡಿಯೇಷನ್‌ಗೆ ಓಡಾಡಬೇಕು, ಆಮೇಲೆ ವರ್ಷ ವರ್ಷವೂ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌-ರೇ, ಮಾಡಿಸಬೇಕು. ಇದನ್ನೆಲ್ಲ ತೂಗಿ ನೋಡಬೇಕಾದವಳು ನಾನು.

ಅಮ್ಮನನ್ನು ಇದೇ ಕಾಯಿಲೆ ಕೊಂಡೊಯ್ಯಿತು. ಕೊನೆಕೊನೆಗೆ ಅವರ ಊದಿದ ತೋಳಿಗೆ ರವಿಕೆಯ ತೋಳು ಏರುತ್ತಿರಲಿಲ್ಲ, ಹೊಲಿಗೆ ಬಿಚ್ಚಿಕೊಟ್ಟವಳು ನಾನು. ನನಗೆ ಭಯವಿಲ್ಲವೆಂದು ಯಾರಿಗೆ ಅನಿಸಿತು? ಆದರೆ ಸ್ತನ ಕ್ಯಾನ್ಸರ್‌ನಲ್ಲಿ ಹುಟ್ಟಿನಿಂದ ಬಂದ ವಂಶವಾಹಿ ದೋಷದ ಪಾಲು ನೂರಕ್ಕೆ 5ರಿಂದ 10 ಮಾತ್ರ. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ಅಂಥ ದೋಷವಿದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಇದ್ದರೆ ಲೆಕ್ಕವೇ ಬೇರೆ: ಇನ್ನೊಂದು ಸ್ತನ, ಅಂಡಾಶಯ, ನನ್ನ ಮಗಳು, ಎಲ್ಲದರ ಬಗ್ಗೆಯೂ ಯೋಚಿಸಬೇಕು. ಆಗ ಎರಡೂ ಸ್ತನಗಳನ್ನು ತೆಗೆಸುವ ಮಾತನ್ನು ನಾನೇ ಎತ್ತುತ್ತೇನೆ. ಅಮ್ಮನ ಹೆಸರು ಹೇಳಿ ಹೆದರಿಸಿದ ಒಬ್ಬರೂ ಈ ಪರೀಕ್ಷೆಯ ಸುದ್ದಿ ಎತ್ತಲಿಲ್ಲ. ನಾನೇ ಬಾಯಿಬಿಟ್ಟು ಕೇಳಿದರೆ, "ಅಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ" ಎಂಬ ಉತ್ತರ!

ನನ್ನ ತಲೆಗೆ ಹಚ್ಚಿಕೊಳ್ಳದೆ ಇನ್ನು ಯಾರ ತಲೆಗೆ ಹಚ್ಚಲಿ?

ರಕ್ತ ಕೊಟ್ಟಿದ್ದೇನೆ. ವರದಿ ಹಿಡಿದು ಬೆಂಗಳೂರಿನಲ್ಲಿ ಇನ್ನೊಬ್ಬ ತಜ್ಞರನ್ನು ಕಂಡ ಮೇಲೆಯೇ ಮುಂದಿನ ಮಾತು. ಅಲ್ಲಿಯವರೆಗೆ, ಆಪರೇಷನ್ ದಿನ ಗೊತ್ತಾಯಿತೇ ಎಂದು ನನ್ನ ಗಂಡನಿಗೆ ಫೋನ್ ಮಾಡುವುದನ್ನು ನಿಲ್ಲಿಸಿ.