ಒಪ್ಪಿಕೊಂಡು ದಂಡ ಕಟ್ಟು ಅನ್ನುವವರಿಗೆ

ಆಕ್ಸಿಡೆಂಟ್ ಕೇಸು ಬಿದ್ದ ಡ್ರೈವರ್‌ಗೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು. "ಒಪ್ಕೊಂಡು ದಂಡ ಕಟ್ಟಿಬಿಡಪ್ಪ, ಸುಮ್ನೆ ಕೋರ್ಟಿಗೆ ಯಾಕ ಅಡ್ಡಾಡ್ತಿ?" ಗಾಡಿ ಮಾಲೀಕ ಹೇಳುತ್ತಾನೆ, ಹೋಟೆಲ್‌ನಲ್ಲಿ ಚಹಾ ಕುಡಿಯುವವರು ಹೇಳುತ್ತಾರೆ, ಕೆಲವು ಸಲ ವಕೀಲರೂ ಹೇಳುತ್ತಾರೆ. ತಪ್ಪು ಮಾಡಿದವನು ಒಪ್ಪಿಕೊಳ್ಳಲಿ, ಅದು ಸರಿ. ಮಾಡದವನು ಯಾಕೆ ಒಪ್ಪಿಕೊಳ್ಳಬೇಕು?

ನಮ್ಮ ದೊಡ್ಡಪ್ಪನ ಮಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಹೋದ ಸುಗ್ಗಿಯಲ್ಲಿ ಅವನ ಗಾಡಿಗೂ ಒಂದು ಬೈಕಿಗೂ ಡಿಕ್ಕಿಯಾಯಿತು, ಬೈಕಿನವರ ಕಾಲು ಮುರಿಯಿತು. ಸಿಂಧನೂರು, ಮಾನ್ವಿ, ಆ ಕಡೆ ಗಂಗಾವತಿ ಸೀಮೆಯ ರಸ್ತೆ ಸುಗ್ಗಿಯಲ್ಲಿ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಅರ್ಧ ರಸ್ತೆ ತುಂಬ ಭತ್ತ ಒಣಹಾಕಿರುತ್ತಾರೆ, ಅದರ ಮೇಲೆ ಗಾಡಿ ಹತ್ತದಿರಲಿ ಅಂತ ಅಂಚಿಗೆ ದಪ್ಪ ಕಲ್ಲು ಇಟ್ಟಿರುತ್ತಾರೆ, ಮಬ್ಬುಗತ್ತಲಲ್ಲಿ ಆ ಕಲ್ಲು ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಆ ಬೈಕು ಕಲ್ಲು ತಪ್ಪಿಸಲು ಒಮ್ಮೆಲೇ ಬಲಕ್ಕೆ ಬಂತು, ಎದುರಿಗೆ ಅಣ್ಣನ ಗಾಡಿ. ಗಾಯವಾದವರನ್ನು ಆಸ್ಪತ್ರೆಗೆ ಸೇರಿಸಿದವನೂ ಅಣ್ಣನೇ.

ಪೊಲೀಸರು ಬರೆದ ಅಪಘಾತದ ಜಾಗದ ನಕಾಶೆಯಲ್ಲಿ ಭತ್ತವೂ ಇಲ್ಲ, ಕಲ್ಲೂ ಇಲ್ಲ. ದೂರಿನಲ್ಲಿ ಇದ್ದದ್ದು "ಅತಿವೇಗ ಮತ್ತು ಅಲಕ್ಷ್ಯತನದಿಂದ ಚಲಾಯಿಸಿ" ಅನ್ನುವ ಮಾಮೂಲಿ ಸಾಲು. ನನಗೆ ಸಿಟ್ಟು ಬಂದದ್ದು ಇಲ್ಲಿ. ರಸ್ತೆ ಹೇಗಿತ್ತು ಅಂತ ಬರೆಯದೆ ಡಿಕ್ಕಿ ಹೇಗಾಯಿತು ಅಂತ ಹೇಳಲು ಬರುತ್ತದಾ?

ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 281ನೇ ಕಲಂ ಅಂದರೆ ಅಜಾಗರೂಕ ಚಾಲನೆ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೈಕಾಲು ಮುರಿದರೆ 125(ಬಿ) ಸೇರುತ್ತದೆ, ಮೂರು ವರ್ಷದವರೆಗೆ ಜೈಲು ಆಗಬಹುದು. ಜೀವ ಹೋದರೆ 106(1), ಐದು ವರ್ಷದವರೆಗೆ. ಇದನ್ನು ಹೆಲ್ಮೆಟ್ ದಂಡದ ಥರ ಕಟ್ಟಿ ಮರೆಯುವುದು ಅಂದುಕೊಳ್ಳಬೇಡಿ. ದಂಡ ಕಟ್ಟಿ ಹೊರಗೆ ಬಂದರೂ ಅದು ಶಿಕ್ಷೆಯೇ, ಕೋರ್ಟು ಬೇಕಾದರೆ ಲೈಸೆನ್ಸನ್ನೂ ತಡೆಹಿಡಿಯಬಹುದು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ತಪ್ಪು ಒಪ್ಪಿಕೊಂಡರೆ ಆಮೇಲೆ ಶಿಕ್ಷೆಯ ಬಗ್ಗೆ ಮಾತ್ರ ಅಪೀಲು ಹಾಕಬಹುದು, ನಾನು ತಪ್ಪೇ ಮಾಡಿಲ್ಲ ಅನ್ನುವ ಅಪೀಲಿಗೆ ದಾರಿ ಇರುವುದಿಲ್ಲ.

ಜೋರಾಗಿ ಬಂದ ಅನ್ನುವುದೊಂದೇ ಸಾಕಾಗುವುದಿಲ್ಲ. ಕರ್ನಾಟಕ ಸರ್ಕಾರ ಮತ್ತು ಸತೀಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 1998ರಲ್ಲಿ ಇದನ್ನು ಹೇಳಿದೆ. ಅದು ಲಾರಿ ಮಗುಚಿಬಿದ್ದ ಕೇಸು. ವೇಗವಾಗಿ ಓಡಿಸಿದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾದಂತೆ ಅಲ್ಲ, ಅದನ್ನು ಸಾಬೀತು ಮಾಡುವ ಹೊರೆ ಸರ್ಕಾರದ್ದು ಅಂತ. ನಮ್ಮ ಕೇಸಿನಲ್ಲೂ ಒಬ್ಬ ಸಾಕ್ಷಿ "ಭಾಳ ಜೋರ್ ಬಂತ್ರೀ" ಅಂದರು. ಪಾಟಿ ಸವಾಲಿನಲ್ಲಿ ವಕೀಲರು ಎಷ್ಟು ಜೋರು, ನೀವು ಎಲ್ಲಿದ್ದಿರಿ ಅಂತ ಕೇಳಿದಾಗ, ಹೋಟೆಲ್ ಒಳಗಿದ್ದೆ, ಸದ್ದು ಕೇಳಿ ಹೊರಗೆ ಬಂದೆ ಅಂದರು. ಒಪ್ಪಿಕೊಂಡು ದಂಡ ಕಟ್ಟಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ ಅಲ್ವಾ?

"ನೀವು ಕೇಸು ನಡೆಸಿದರೆ ಪಾಪ ಆ ಗಾಯದವನಿಗೆ ಪರಿಹಾರ ಸಿಗಲ್ಲ" ಅಂತ ಸಂಬಂಧಿಕರೊಬ್ಬರು ಅಣ್ಣನನ್ನು ಬೈದರು. ಇದು ತಪ್ಪು ತಿಳುವಳಿಕೆ, ಮತ್ತೆ ಇದರಿಂದಲೇ ಎಷ್ಟೋ ಒಳ್ಳೆಯ ಡ್ರೈವರ್‌ಗಳು ತಲೆತಗ್ಗಿಸಿ ಒಪ್ಪಿಕೊಳ್ಳುತ್ತಾರೆ. ಪರಿಹಾರದ ಅರ್ಜಿ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಬೇರೆಯಾಗಿಯೇ ನಡೆಯುತ್ತದೆ. ಅಲ್ಲಿ ಬೇಕಾಗುವ ಪುರಾವೆಯ ಮಟ್ಟವೂ ಬೇರೆ. ಡ್ರೈವರ್ ಖುಲಾಸೆಯಾದ ಅನ್ನುವ ಒಂದೇ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ಆ ಬೈಕಿನವರಿಗೆ ಪರಿಹಾರ ಸಿಗಲಿ ಅಂತ ನಾವೂ ಮನಸಾರೆ ಬಯಸುತ್ತೇವೆ. ಕುಡಿದು ಓಡಿಸಿ ಜನರ ಮೇಲೆ ಹತ್ತಿಸುವವರ ಪರವಾಗಿ ನಾನು ಇದನ್ನು ಬರೆಯುತ್ತಿಲ್ಲ.

ಕೇಸು ನಡೆಸುವುದು ಸುಲಭ ಅಂತ ಹೇಳುವುದಿಲ್ಲ. ವಾಯಿದೆ ಮೇಲೆ ವಾಯಿದೆ, ಆ ದಿನದ ಬಾಡಿಗೆ ಹೋಯಿತು, ಸಾಕ್ಷಿ ಬರದಿದ್ದರೆ ಮತ್ತೆ ಮುಂದಕ್ಕೆ. ಅತ್ತಿಗೆ ಬೇಸತ್ತು ಒಮ್ಮೆ ಅತ್ತೇಬಿಟ್ಟರು. ಆದರೂ ಮೊದಲ ದಿನದಿಂದಲೇ ಮಾಡಬೇಕಾದ ಕೆಲಸ ಇರುತ್ತದೆ. ಜಾಗದ ಫೋಟೋ ತೆಗೆಯಿರಿ, ರಸ್ತೆ, ಕಲ್ಲು, ಟೈರಿನ ಗುರುತು ಎಲ್ಲವನ್ನೂ. ಆ ಫೋನನ್ನು ಕಳೆಯಬೇಡಿ, ಮಾರಬೇಡಿ, ಯಾಕೆಂದರೆ ಫೋಟೋ ಕೋರ್ಟಿಗೆ ಕೊಡುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಚಾರ್ಜ್‌ಶೀಟ್ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ, ಪಂಚನಾಮೆ, ನಕಾಶೆ, ಗಾಡಿ ತಪಾಸಣೆ ಮಾಡಿದ ಮೋಟಾರು ವಾಹನ ನಿರೀಕ್ಷಕರ ವರದಿ ಎಲ್ಲ ಅದರಲ್ಲಿರುತ್ತದೆ. ಕೂತು ಓದಿ, ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ. ಗಾಡಿಯ ಯಾವ ಭಾಗಕ್ಕೆ ಪೆಟ್ಟಾಗಿದೆ ಅನ್ನುವ ಒಂದೇ ಸಾಲು ಡಿಕ್ಕಿ ಯಾವ ಕಡೆಯಿಂದ ಆಯಿತು ಅಂತ ತೋರಿಸಬಹುದು. ನಮ್ಮ ವಕೀಲರು ಹಿಡಿದಿರುವುದೂ ಆ ಸಾಲನ್ನೇ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕೋರ್ಟಿನಲ್ಲಿ ತಪ್ಪು ಒಪ್ಪುತ್ತೀಯಾ ಅಂತ ಕೇಳುವ ದಿನಕ್ಕಿಂತ ಮುಂಚೆಯೇ ಹೋಗಿ.