ಗುಟ್ಟಿನ ಮಾತುಕತೆ: ಅಮೆರಿಕದ ರಾಜತಾಂತ್ರಿಕತೆಗೆ ಅದು ಬೇಕೇ? ಪರ-ವಿರೋಧ

ಪರ: ಕೆಲವು ಮಾತು ಒಳಕೋಣೆಯಲ್ಲೇ ಆಗಬೇಕು

ಎಲ್ಲ ಗುಟ್ಟನ್ನೂ ಸಮರ್ಥಿಸುವ ಹುರುಪು ನನಗಿಲ್ಲ. ಆದರೆ ಗುಟ್ಟೇ ಕೂಡದು ಎನ್ನುವವರು 1962ರ ಅಕ್ಟೋಬರ್ 27ನ್ನು ನೆನೆಯಬೇಕು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕೂತಿದ್ದವು. ಟರ್ಕಿಯಲ್ಲಿರುವ ಅಮೆರಿಕದ ಕ್ಷಿಪಣಿಗಳೂ ಹೋಗಲಿ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಬಹಿರಂಗವಾಗಿ ಪಟ್ಟು ಹಿಡಿದಿದ್ದರು. ಅಮೆರಿಕದ ಅಧ್ಯಕ್ಷ ಕೆನಡಿ ಬಹಿರಂಗವಾಗಿ ಒಪ್ಪಿದ್ದರೆ ಟರ್ಕಿಯನ್ನು ಕೈಬಿಟ್ಟಂತಾಗುತ್ತಿತ್ತು. ಆ ರಾತ್ರಿ ಅವರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡು, ಟರ್ಕಿಯ ಕ್ಷಿಪಣಿಗಳೂ ಕೆಲವು ತಿಂಗಳಲ್ಲಿ ಹೋಗುತ್ತವೆ, ಆದರೆ ಮಾತು ಹೊರಬೀಳಕೂಡದು ಎಂದರು. ಮರುದಿನ ಕ್ರುಶ್ಚೇವ್ ಹಿಂದೆ ಸರಿದರು.

ಆಸ್ತಿ ಪಾಲಿನಲ್ಲೂ ಹಾಗೆಯೇ. ಊರವರ ಎದುರು ಒಂದು ಗುಂಟೆ ಬಿಡದ ಅಣ್ಣತಮ್ಮಂದಿರು, ಹಿರಿಯರು ಒಬ್ಬೊಬ್ಬರನ್ನೇ ಒಳಗೆ ಕರೆದಾಗ ಮೆತ್ತಗಾಗುತ್ತಾರೆ. 1978ರಲ್ಲಿ ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್‌ನಲ್ಲಿ ನಾಯಕರು ಪತ್ರಕರ್ತರನ್ನು ದೂರವಿಟ್ಟು 13 ದಿನ ಕೂತದ್ದರಿಂದಲೇ ಈಜಿಪ್ಟ್-ಇಸ್ರೇಲ್ ಒಪ್ಪಂದದ ದಾರಿ ತೆರೆಯಿತು. ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ 1971ರಲ್ಲಿ ಗುಟ್ಟಾಗಿ ಮಾಡಿದ ಚೀನಾ ಪ್ರಯಾಣವನ್ನೂ ಈ ಸಾಲಿಗೇ ಸೇರಿಸುತ್ತೇನೆ. ಅದರ ಬೆಲೆ ಯಾರು ತೆತ್ತರು ಎಂಬುದು ಬೇರೆಯೇ ಚರ್ಚೆ.

ವಿರೋಧ: ಢಾಕಾದ ತಂತಿ ಯಾರ ಕಿವಿಗೂ ಬೀಳಲಿಲ್ಲ

ಬೇರೆ ಚರ್ಚೆ ಅಲ್ಲ, ಇದೇ ಚರ್ಚೆ. ಗುಟ್ಟಿನ ಪರ ಮಾತಾಡುವವರು ಯಾವಾಗಲೂ ಕ್ಯೂಬಾವನ್ನು ಮುಂದಿಡುತ್ತಾರೆ, ಗುಟ್ಟು ಇಲ್ಲದಿದ್ದರೆ ಭೂಮಿಯೇ ಸುಟ್ಟುಹೋಗುತ್ತಿತ್ತು ಎಂಬಂತೆ. ನಾನು ಢಾಕಾದ ಬಗ್ಗೆ ಕೇಳುತ್ತೇನೆ.

ಢಾಕಾ ಆಗ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ರಾಜಧಾನಿ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಅಲ್ಲಿ ಕೊಲೆಗಿಳಿಯಿತು. ಅಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ (ರಾಜತಾಂತ್ರಿಕ ಕಚೇರಿಯ ಮುಖ್ಯಸ್ಥ) ಆರ್ಚರ್ ಬ್ಲಡ್ ಕಂಡದ್ದನ್ನೆಲ್ಲ ವಾಷಿಂಗ್ಟನ್‌ಗೆ ಬರೆದರು. ಏಪ್ರಿಲ್ 6ರಂದು 20 ಅಧಿಕಾರಿಗಳು ಸಹಿ ಹಾಕಿದ ತಂತಿ (ಟೆಲಿಗ್ರಾಂ) ಹೋಯಿತು: ಪ್ರಜಾಪ್ರಭುತ್ವವನ್ನು ತುಳಿದದ್ದನ್ನು ಖಂಡಿಸಲು ನಮ್ಮ ಸರ್ಕಾರ ಸೋತಿದೆ, ದೌರ್ಜನ್ಯವನ್ನು ಖಂಡಿಸಲೂ ಸೋತಿದೆ ಎಂದು. ನಿಕ್ಸನ್ ಬಾಯಿ ಬಿಡಲಿಲ್ಲ. ಬೀಜಿಂಗ್‌ಗೆ ಗುಟ್ಟಾಗಿ ಅವರ ಸಂದೇಶ ಹೊತ್ತು ತಲುಪಿಸುತ್ತಿದ್ದವರು ಆ ಸೇನೆಯನ್ನು ಬಿಟ್ಟಿದ್ದ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ರೊಮೇನಿಯಾದ ಮೂಲಕವೂ ಸಂದೇಶ ಹೋಗುತ್ತಿತ್ತು, ಅಂದರೆ ದಾರಿ ಒಂದೇ ಇರಲಿಲ್ಲ! ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು. ಜುಲೈನಲ್ಲಿ ಕಿಸಿಂಜರ್ ದೆಹಲಿಗೂ ಬಂದು, ತಾವು ಚೀನಾಕ್ಕೆ ಹೊರಟದ್ದನ್ನು ಹೇಳದೆ, ಇಸ್ಲಾಮಾಬಾದ್‌ನಲ್ಲಿ ಹೊಟ್ಟೆನೋವಿನ ನೆಪ ಹೇಳಿ ಬೀಜಿಂಗ್‌ಗೆ ಹಾರಿದರು. ಆಗಸ್ಟ್ 9ಕ್ಕೆ ಭಾರತ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

ನಾನು ಸಿಂಧನೂರು ತಾಲೂಕಿನವನು. ನಮ್ಮಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಿವೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು ಅಲ್ಲಿಯವನೇ. ಅವನ ಠಾಕುಮಾ, ಅಂದರೆ ಅಪ್ಪನ ತಾಯಿ, ನನಗೂ ಮೀನುಸಾರು ಬಡಿಸಿದವರು. ಅರ್ಧ ಬಂಗಾಳಿ, ಅರ್ಧ ನಮ್ಮ ರಾಯಚೂರು ಕನ್ನಡದಲ್ಲಿ ಅವರು ಊರಿನ ಕೊಳ, ಅಡಿಕೆ ಮರಗಳ ಬಗ್ಗೆ ಹೇಳುತ್ತಿದ್ದರು. ಹೊರಟ ರಾತ್ರಿಯ ಬಗ್ಗೆ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, "ದೊಡ್ಡ ದೇಶದವರಿಗೆ ಯಾರಾದ್ರೂ ಹೇಳಿದ್ರೆ ನಿಲ್ಲಿಸ್ತಿದ್ರು, ಯಾರೂ ಹೇಳಿಲ್ಲ" ಅಂದಿದ್ದರು.

ಎಷ್ಟೋ ವರ್ಷದ ಮೇಲೆ ಆ ತಂತಿಯ ಪ್ರತಿ ನನಗೆ ಓದಲು ಸಿಕ್ಕಿತು. ಊರಿಗೆ ಹೋದಾಗ ನಾನು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ, ಗೆಳೆಯ ಬಂಗಾಳಿಗೆ ತಿರುಗಿಸಿದ. ಠಾಕುಮಾ ಕಣ್ಣು ಮುಚ್ಚಿ ಕೇಳಿದರು. ಬರೆದವರ ಹೆಸರನ್ನು ಎರಡು ಸಲ ಕೇಳಿದರು. ಆಮೇಲೆ ತಾರೀಖು ಕೇಳಿದರು. ಏಪ್ರಿಲ್ 6 ಎಂದೆ. ಅವರು ಮನೆ ಬಿಟ್ಟದ್ದು ಮೇ ತಿಂಗಳ ಕೊನೆಗೆ.